ಮೂರರಿಂದ ಆರು

ನಮ್ಮ ಅತ್ತಿಗೆ ಹಡಗು ಎಣಿಸಿ ಸಂಬಳ ತರುತ್ತಿದ್ದವಳು. ನಮ್ಮ ಹಡಗಲ್ಲ, ಸಮುದ್ರದಾಚೆಯವರ ಹಡಗು. ಅವರ ನೌಕಾಪಡೆ ದೊಡ್ಡ ಯುದ್ಧನೌಕೆಗಳನ್ನು ಎಷ್ಟು ಕಟ್ಟುತ್ತಿದೆ, ಯಾವ ವೇಗದಲ್ಲಿ ಕಟ್ಟುತ್ತಿದೆ, ಬರುವ ಹತ್ತು ವರ್ಷದಲ್ಲಿ ಎಷ್ಟು ನೀರಿಗಿಳಿದಾವು ಎಂದು ಆಕಾಶದಿಂದ ತೆಗೆದ ಚಿತ್ರ ನೋಡಿ ಅಂದಾಜು ಮಾಡುವ ಸರ್ಕಾರಿ ಶಾಖೆಯೊಂದಿದೆ. ಆ ಶಾಖೆಯ ಕಿಟಕಿ ಗಾಜಿಗೆಲ್ಲ ಬಣ್ಣ ಬಳಿದಿದ್ದಾರೆ. ಪರರ ಅಂಗಳಕ್ಕೆ ಹಗಲಿಡೀ ಇಣುಕುವವರಿಗೆ ತಮ್ಮ ಬೀದಿ ಮಾತ್ರ ಕಾಣಬಾರದು. ಅಲ್ಲಿ ಅತ್ತಿಗೆ ಹದಿನೆಂಟು ವರ್ಷ ಕೂತಳು.

ಕೆಲಸದಲ್ಲಿ ಅವಳದು ಪಳಗಿದ ಕಣ್ಣು. ಕ್ರೇನಿನ ನೆರಳು ಅಳೆದು ಅದರ ಎತ್ತರ ಹೇಳುತ್ತಿದ್ದಳು. ಅಂಗಳದಲ್ಲಿ ಬಿದ್ದಿರುವ ಉಕ್ಕಿನ ತುಂಡುಗಳ ಬಣ್ಣ ನೋಡಿ ಕೆಲಸ ನಡೆದಿದೆಯೋ ನಿಂತಿದೆಯೋ ಹೇಳುತ್ತಿದ್ದಳು. ತುಂಡು ಬೂದು ಬಣ್ಣಕ್ಕಿದ್ದರೆ ಹೊಸದು, ಕೆಂಪಗಾಗಿದ್ದರೆ ಯಾರೂ ಮುಟ್ಟದೆ ತುಕ್ಕು ಹಿಡಿದದ್ದು. ಈ ಚಾಳಿ ಮನೆಯಲ್ಲೂ ಬಿಡಲಿಲ್ಲ. ಪಕ್ಕದ ಮನೆಯವರು ಮಹಡಿ ಕಟ್ಟಿಸುತ್ತಿದ್ದಾಗ ಅವರ ಸಿಮೆಂಟಿನ ಚೀಲಗಳ ಮೇಲಿನ ಧೂಳು ನೋಡಿ, "ಇದು ಈ ವರ್ಷ ಮುಗಿಯೋ ಕೆಲಸ ಅಲ್ಲ" ಎಂದುಬಿಟ್ಟಿದ್ದಳು. ಆ ವರ್ಷ ಮುಗಿಯಲಿಲ್ಲ. ಪಕ್ಕದ ಮನೆಯಾಕೆ ನಮ್ಮ ಕಡೆ ತಿರುಗಿ ನೋಡುವುದನ್ನೇ ನಿಲ್ಲಿಸಿದಳು. "ನಿನ್ನ ಬಾಯಿಗೂ ಒಂದಿಷ್ಟು ಬಣ್ಣ ಬಳೀಬೇಕಿತ್ತು" ಎಂದು ನಾನು ರೇಗಿಸುತ್ತಿದ್ದೆ. ನಾದಿನಿಯಾದ ಮೇಲೆ ಅಷ್ಟಾದರೂ ಅಧಿಕಾರ ಬೇಡವೇ?

ಇನ್ನು ನಮ್ಮಣ್ಣ, ಅಂದರೆ ಅವಳ ಗಂಡ, ನಮ್ಮದೇ ನೌಕಾಪಡೆಯ ಹಡಗುಕಟ್ಟೆಯಲ್ಲಿ ಬಣ್ಣದವರ ಮೇಸ್ತ್ರಿ. ನಾನು ಅದೇ ಹಡಗುಕಟ್ಟೆಯ ದವಾಖಾನೆಯಲ್ಲಿ ನರ್ಸು. ಮನೆಯಲ್ಲಿ ಮೂವರೇ. ಒಬ್ಬಳು ಬೇರೆಯವರ ಹಡಗು ಎಣಿಸುತ್ತಿದ್ದಳು, ಒಬ್ಬ ನಮ್ಮ ಹಡಗಿಗೆ ಬಣ್ಣ ಬಳಿಯುತ್ತಿದ್ದ, ನಾನು ಆ ಬಣ್ಣ ಮೂಗಿಗೇರಿಸಿಕೊಂಡು ಬಂದವರಿಗೆ ಮಾತ್ರೆ ಕೊಡುತ್ತಿದ್ದೆ.

ದೊಡ್ಡ ಹಡಗಿನ ಹೊಟ್ಟೆಯಲ್ಲಿ ಎಣ್ಣೆ ತುಂಬುವ ಟ್ಯಾಂಕುಗಳಿರುತ್ತವೆ. ಅವುಗಳ ಒಳಗೋಡೆಗೆ ಬಣ್ಣ ಬಳಿಯಬೇಕೆಂದರೆ ಒಬ್ಬ ಮನುಷ್ಯ ಮೈ ಹಿಡಿ ಮಾಡಿಕೊಂಡು ತೂರುವಷ್ಟು ತೂತಿನಿಂದ ಇಳಿಯಬೇಕು. ಬಣ್ಣದ ಹೊಗೆ ಒಳಗೇ ಕಟ್ಟಿಕೊಳ್ಳುತ್ತದೆ. ಅದಕ್ಕೇ ಬ್ಲೋವರ್ ಇಟ್ಟು ಗಾಳಿ ಬಿಡುತ್ತಾರೆ, ತೂತಿನ ಬಾಯಲ್ಲಿ ಒಬ್ಬ ಆಳನ್ನು ಕೂರಿಸುತ್ತಾರೆ. ಅವನ ಕೆಲಸ ಒಳಗಿನವರನ್ನು ಕೂಗಿ ಮಾತಾಡಿಸುತ್ತಿರುವುದು, ಉತ್ತರ ಬರದಿದ್ದರೆ ಬೊಬ್ಬೆ ಹೊಡೆಯುವುದು, ಅಷ್ಟೇ. ಒಂದು ದಿನ ಊಟಕ್ಕೆ ಕೂತಾಗ ಅಣ್ಣ ಹೇಳಿದ:

"ಮೇಲಿಂದ ಬೇಗ ಬೇಗ ಅನ್ನೋಕೆ ಶುರು ಮಾಡಿದ್ರೆ ಮೊದಲು ಎಬ್ಬಿಸೋದು ಆ ಬಾಯಲ್ಲಿ ಕೂತೋನನ್ನ. ಸುಮ್ನೆ ಕೂತಿದಾನೆ ಅಂತ ಕಾಣುತ್ತಲ್ಲ! ಅವನಿಲ್ಲ ಅಂದ್ರೆ ನಾವು ಒಳಗಿಂದ ಬಂದ್ರೆ ಬಂದ್ವಿ, ಇಲ್ಲ ಅಂದ್ರೆ ಇಲ್ಲ."

ಅತ್ತಿಗೆ ಅವನ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿದಳು. ಆಫೀಸಿನ ಮಾತು ಮನೆಗೆ ತರಬಾರದೆಂಬ ಕಟ್ಟಪ್ಪಣೆ ಅವಳಿಗೆ. ಆದರೆ ಆ ವಾರ ಅವಳ ಮೇಜಿನ ಮೇಲಿದ್ದದ್ದೂ ಇದೇ 'ಬೇಗ ಬೇಗ'ದ ಪ್ರಶ್ನೆಯೇ ಎಂದು ಆಮೇಲೆ ಅವಳೇ ಹೇಳಿದಳು. ಅವಳ ಅಂದಾಜು ನೋಡಿಕೊಂಡೇ ನಮ್ಮ ಹಡಗುಕಟ್ಟೆಗೆ ಎಷ್ಟು ಅವಸರ ಹಚ್ಚಬೇಕೆಂದು ಮೇಲಿನವರು ತೀರ್ಮಾನಿಸುವವರಿದ್ದರು.

ಆಚೆಯವರ ಆರು ಕಟ್ಟೆಗಳಲ್ಲಿ ಆರು ಒಡಲು ಕಾಣುತ್ತಿದ್ದವು. ಶಾಖೆಯವರೆಲ್ಲ ಆರು ಹಡಗು ಎಂದು ಕುಣಿದಾಡಿದರು. ಅತ್ತಿಗೆ ಮಾತ್ರ ಅಗಲ ಅಳೆದು, ಕೊನೆ ನೋಡಿ, ಮೂರು ಒಡಲಿಗೆ ಮೂತಿಯಿದೆ ಬಾಲವಿಲ್ಲ, ಇನ್ನು ಮೂರಕ್ಕೆ ಬಾಲವಿದೆ ಮೂತಿಯಿಲ್ಲ ಎಂದು ಕಂಡುಕೊಂಡಳು. ಅರ್ಧರ್ಧ ಕಟ್ಟಿ, ತೇಲಿಸಿ ತಂದು ಜೋಡಿಸುವ ಉಪಾಯ ಅದು.

"ತೋಳು ಒಂದು ಕಡೆ, ಮೈ ಒಂದು ಕಡೆ ಹೊಲಿದಿಟ್ಟಿದಾರೆ ಸಾರ್. ಅದನ್ನ ಎರಡು ಅಂಗಿ ಅನ್ನೋಕಾಗುತ್ತಾ? ಇರೋದು ಮೂರೇ" ಎಂದಳಂತೆ ತನ್ನ ಮೇಲಧಿಕಾರಿಗೆ.

ಈ ಮೇಲಧಿಕಾರಿಗೆ ಶಾಖೆಯಲ್ಲಿ ಹೌದಪ್ಪ ಎಂದೇ ಹೆಸರು. ಮೇಲಿನವರು ಫೋನಿನಲ್ಲಿ ಸೀನಿದರೂ ಇವನು ಇತ್ತ ಎದ್ದು ನಿಂತು ಹೌದು ಸಾರ್ ಎನ್ನುವ ಗಿರಾಕಿ. ಅವನನ್ನು ಒಮ್ಮೆ ನೋಡಿದ್ದೇನೆ. ಮಾತಾಡುವಾಗ ಎದುರಿನವರ ಮುಖ ಬಿಟ್ಟು ಅವರ ಭುಜದ ಹಿಂದೆ ಯಾರಾದರೂ ದೊಡ್ಡವರು ಬರುತ್ತಿದ್ದಾರಾ ಎಂದು ನೋಡುತ್ತಾನೆ.

"ಮೂರು ಅಂತ ಕಳಿಸಿದ್ರೆ ನೌಕಾಪಡೆಯೋರು ನಮ್ಮ ಮುಖಕ್ಕೆ ಎಸೀತಾರೆ ಮೇಡಂ" ಎಂದನಂತೆ ಹೌದಪ್ಪ. "ಅವರಿಗೆ ಹೊಸ ಹಡಗು ಬೇಕು. ಆರು ಅಂದ್ರೇ ಸಿಗೋದು."

"ಇಲ್ಲದ್ದನ್ನ ಹೇಗೆ ಬರೀಲಿ ಸಾರ್?"

"ಇಲ್ಲದ್ದು ಯಾಕೆ? ಅಂದಾಜು ಅಂದ್ಮೇಲೆ ಹೆಚ್ಚುಕಮ್ಮಿ ಇದ್ದದ್ದೇ. ಮೂರರಿಂದ ಆರು ಅಂತ ಬರೀರಿ. ನಿಮ್ಮ ಮೂರೂ ಇರುತ್ತೆ, ಅವರ ಆರೂ ಇರುತ್ತೆ."

ಆ ಶಾಖೆಯ ಹಳೆಯ ಪದ್ಧತಿಯಿದು. ಅಲ್ಲಿ ಒಂದೇ ಸಂಖ್ಯೆ ಹೇಳುವವರನ್ನು ಒರಟರು ಎನ್ನುತ್ತಾರೆ. ಕೆಳಗೊಂದು ಮೇಲೊಂದು ಸಂಖ್ಯೆ ಹೇಳಿ ನಡುವೆ ಅಡಗಿ ಕೂರುವವರು ಅನುಭವಸ್ಥರು. ಹದಿನೆಂಟು ವರ್ಷ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಇಟ್ಟು ಅತ್ತಿಗೆಗೂ ಅದು ಸುಳ್ಳು ಎಂದು ಅನ್ನಿಸಲಿಲ್ಲ. ನಿಜ ಅದರೊಳಗೇ ಇದೆಯಲ್ಲ, ಓದುವವರಿಗೆ ಕಣ್ಣಿಲ್ಲವೇ ಎಂದುಕೊಂಡಳು. ಮೂರರಿಂದ ಆರು ಎಂದು ಬರೆದು ಸಹಿ ಹಾಕಿದಳು.

ವರದಿ ಮೆಟ್ಟಿಲು ಹತ್ತುವಷ್ಟರಲ್ಲೇ ಅದರೊಳಗಿನ ಮೂರು ಉದುರಿಹೋಯಿತು. ಎರಡನೆಯ ಮಹಡಿಯಲ್ಲಿ ಅದು 'ಆರರವರೆಗೆ' ಆಯಿತು. ಮೂರನೆಯ ಮಹಡಿಯಲ್ಲಿ ಬರೀ 'ಆರು'. ಪತ್ರಿಕೆಯಲ್ಲಿ ಬಂದಾಗ 'ಕನಿಷ್ಠ ಆರು'. ಕನಿಷ್ಠವಂತೆ! ಬರೆದವನ ಕೈಗೆ ಏನಾಗಿತ್ತೋ. ಟೀ ಅಂಗಡಿಯಲ್ಲಿ ಕೂತವರೆಲ್ಲ ಹುಬ್ಬೇರಿಸಿ ಆರು, ಆರು ಎಂದು ಲೊಚಗುಟ್ಟಿದರು. ಅವರಲ್ಲಿ ಒಬ್ಬರಾದರೂ ಒಂದು ದೋಣಿ ಎಣಿಸಿದವರಲ್ಲ.

ನಮ್ಮ ಹಡಗುಕಟ್ಟೆಗೆ ಅಪ್ಪಣೆ ಬಂತು: ಮುಂದಿನ ವರ್ಷ ಇಳಿಯಬೇಕಾದ ಹಡಗು ಈ ವರ್ಷವೇ ಇಳಿಯಲಿ. ಎಂಜಿನ್ನು ಇನ್ನೂ ಬಂದಿರಲಿಲ್ಲ. ಇಲ್ಲದಿದ್ದರೇನು, ಒಡಲು ತೇಲಿದರೆ ಸಾಕು ಎಂದರು. ಮೇಲಿನ ಗೋಪುರ ತಯಾರಾಗಿರಲಿಲ್ಲ. ಪ್ಲೈವುಡ್ಡಿನಲ್ಲಿ ಹೊಡೆದು ಬೂದು ಬಣ್ಣ ಬಳಿದು ನಿಲ್ಲಿಸಿದರು. ಹಡಗು ಕಟ್ಟುವ ಜಾಗದಲ್ಲಿ ನಾಟಕದ ಪರದೆ ಕಟ್ಟಿದ ಹಾಗಿತ್ತು. ದೊಡ್ಡವರು ಬಂದು ಕೂರುವ ಕಡೆ ಹೊರಮೈ ಥಳಥಳ ಹೊಳೆಯಬೇಕೆಂದು ಕೈಗೆ ಸಿಕ್ಕವರನ್ನೆಲ್ಲ ಹೊರಗೆ ಎಳೆದರು. ಟ್ಯಾಂಕಿನ ಬಾಯಲ್ಲಿ ಕೂರುವ ಆಳುಗಳೂ ಬ್ರಷ್ಷು ಹಿಡಿದು ಹೊರಗೆ ಹೋದರು. ಎರಡು ಬ್ಲೋವರುಗಳು ಪೆಂಡಾಲಿನ ಸೆಕೆ ಕಳೆಯುವುದಕ್ಕೆ ಹೋದವು.

ಟ್ಯಾಂಕೊಂದರ ಒಳಬಣ್ಣ ಇನ್ನೂ ಬಾಕಿಯಿತ್ತು. ಅಣ್ಣ ತಕರಾರು ಮಾಡಿದ. ಹಡಗುಕಟ್ಟೆಯ ಎಂಜಿನಿಯರು, "ಅರ್ಧ ದಿನದ ಕೆಲಸಕ್ಕೆ ಇಷ್ಟು ರಾಗ ಎಳೀತೀಯಲ್ಲ" ಎಂದ. ತನ್ನ ಕೈಕೆಳಗಿನವರನ್ನು ಇಳಿಸಲು ಅಣ್ಣನಿಗೆ ಮನಸ್ಸಾಗಲಿಲ್ಲ. ತಾನೇ ಇಳಿದ.

ಅವನನ್ನು ಹೊತ್ತು ತಂದಾಗ ಅವನ ತುಟಿ ನೀಲಿಯಾಗಿತ್ತು, ಹುಬ್ಬಿನ ಮೇಲೆಲ್ಲ ಬಣ್ಣ. ಎಷ್ಟು ಹೊತ್ತು ಒಳಗೆ ಬಿದ್ದಿದ್ದನೋ ಯಾರಿಗೂ ಗೊತ್ತಿಲ್ಲ. ಕೂಗಿ ನೋಡುವವರು ಇರಲಿಲ್ಲವಲ್ಲ. ನಾನು ಅವನ ಮೂಗಿಗೆ ಆಮ್ಲಜನಕ ಹಿಡಿದು ಆಂಬುಲೆನ್ಸ್ ಎಂದು ಅರಚುತ್ತಿದ್ದರೆ, ಎಂಜಿನಿಯರು ಬಾಗಿಲಲ್ಲಿ ನಿಂತು, "ಮುಂದಿನ ಗೇಟಲ್ಲಿ ಬೇಡ ಸಿಸ್ಟರ್, ಅತಿಥಿಗಳು ಬರ್ತಿದಾರೆ, ಹಿಂದಿನ ಗೇಟಿಂದ ಕಳಿಸಿ" ಎಂದ. ಥೂ! ಅವನ ಬೂಟಿನ ಮೇಲೆ ಉಗಿದೆ. ನನಗೆ ನೋಟೀಸು ಬಂತು, ಬರಲಿ. ಹಿಂದಿನ ಗೇಟಿನಿಂದ ಸುತ್ತುಹಾಕಿ ಹೋಗುತ್ತಿದ್ದಾಗ ಅತ್ತ ಬ್ಯಾಂಡು ಶುರುವಾಯಿತು. ಪ್ಲೈವುಡ್ಡಿನ ಹಡಗು ನೀರಿಗಿಳಿಯಿತು. ಜನ ಚಪ್ಪಾಳೆ ತಟ್ಟಿದರು.

ಅಣ್ಣ ಉಳಿದ. ಆದರೆ ಮಿದುಳಿಗೆ ಗಾಳಿ ಸಿಗದೆ ಏನೋ ಕೆಟ್ಟುಹೋಗಿತ್ತು. ಹಳೆಯದೆಲ್ಲ ನೆನಪಿದೆ, ಹೊಸದು ನಿಲ್ಲುವುದಿಲ್ಲ. ಮಲಗಿ ಎದ್ದರೆ ಹಿಂದಿನ ದಿನ ಅಳಿಸಿಹೋಗಿರುತ್ತದೆ.

ಕೆಲವು ತಿಂಗಳ ಮೇಲೆ ಹೌದಪ್ಪ ಅತ್ತಿಗೆಯನ್ನು ಕರೆದು ಹೊಸ ಚಿತ್ರಗಳನ್ನು ಮುಂದಿಟ್ಟ. ನಮ್ಮ ಹಡಗು ಇಳಿದದ್ದನ್ನು ಆಚೆಯವರೂ ಆಕಾಶದಿಂದ ನೋಡಿದ್ದರು. ಅವರಿಗೆ ಪ್ಲೈವುಡ್ಡು ಕಂಡಿತೋ ಇಲ್ಲವೋ, ಅವರ ಅಂಗಳದಲ್ಲೂ ರಾತ್ರಿಪಾಳಿಯ ದೀಪ ಹತ್ತಿತ್ತು. ಅಲ್ಲೂ ಯಾರೋ ಒಬ್ಬರು ಇಂತಿಷ್ಟರಿಂದ ಇಂತಿಷ್ಟು ಎಂದು ಬರೆದಿರಬೇಕು.

"ಈಗ ಎಷ್ಟು ಅಂತೀರಿ ಮೇಡಂ?"

"ಮೂರು."

"ಮೂರರಿಂದ?"

"ಮೂರು ಸಾರ್. ಅಷ್ಟೇ."

ಮಾರನೆಯ ವಾರ ಅವಳನ್ನು ಸ್ಟೇಷನರಿ ಉಗ್ರಾಣಕ್ಕೆ ಹಾಕಿದರು. ಅವಳ ಕುರ್ಚಿಗೆ ಬಂದವನು ಐದರಿಂದ ಒಂಬತ್ತು ಎಂದು ಬರೆದು ಬೆನ್ನು ತಟ್ಟಿಸಿಕೊಂಡ.

ಈಗ ದಿನಾ ಸಂಜೆ ಅಣ್ಣ ಅದೇ ಪ್ರಶ್ನೆ ಕೇಳುತ್ತಾನೆ, "ನಾನ್ಯಾಕೆ ಮನೇಲಿದೀನಿ?" ದಿನಾ ಅತ್ತಿಗೆ ಅವನ ಮುಂದೆ ಕೂತು ಹೇಳುತ್ತಾಳೆ. ಟ್ಯಾಂಕು, ಹೊಗೆ, ಅವಸರ, ಆ ಅವಸರಕ್ಕೆ ಕಾರಣವಾದ ಅಂದಾಜು, ಅದರ ಕೆಳಗಿನ ತನ್ನ ಸಹಿ. ಅಣ್ಣ, "ನಿಂಗೇನು ಗೊತ್ತಿತ್ತು ಪಾಪ, ಹೋಗ್ಲಿ ಬಿಡು" ಎನ್ನುತ್ತಾನೆ. ದಿನಾ ಕ್ಷಮಿಸುತ್ತಾನೆ, ದಿನಾ ಮರೆಯುತ್ತಾನೆ.

"ಜ್ವರ ಬಂದಿತ್ತು ಅಂತ ಒಂದು ಸುಳ್ಳು ಹೇಳ್ಬಾರದಾ? ಯಾಕೆ ದಿನಾ ಸಾಯ್ತೀಯ?" ಎಂದೆ ನಾನು ಅಡುಗೆಮನೆಯಲ್ಲಿ.

"ದಿನಾ ಅರ್ಧ ಸುಳ್ಳೇ ಹೇಳ್ತಿದೀನಿ ಕಣೇ" ಎಂದಳು. "ನಿಂಗೇನು ಗೊತ್ತಿತ್ತು ಅಂತಾರಲ್ಲ, ಅದಕ್ಕೆ ನಾನು ಹೂಂ ಅನ್ನೋದೂ ಇಲ್ಲ, ಇಲ್ಲ ಅನ್ನೋದೂ ಇಲ್ಲ."

ಅವಳು ಕೈ ಒರೆಸಿಕೊಂಡು ಹೊರಗೆ ಹೋದಳು. ಅಣ್ಣ ಆಗಲೇ ಅದೇ ಪ್ರಶ್ನೆ ಕೇಳಿದ. ಅವಳು ಮೊದಲಿಂದ ಹೇಳಿದಳು. ಅವನು ಎಂದಿನಂತೆ, "ನಿಂಗೇನು ಗೊತ್ತಿತ್ತು ಪಾಪ" ಎಂದು ಅವಳ ಕೈ ಹಿಡಿದುಕೊಂಡ.

"ಗೊತ್ತಿತ್ತು ರೀ" ಎಂದಳು ಅತ್ತಿಗೆ. "ಮೂರೇ ಅಂತಾನೂ ಗೊತ್ತಿತ್ತು. ಅವಸರ ಆದ್ರೆ ನಿಮಗೆ ಏನಾಗುತ್ತೆ ಅಂತಾನೂ ಗೊತ್ತಿತ್ತು."

ಅಣ್ಣ ಅವಳ ಕೈ ಬಿಟ್ಟ. "ಗೊತ್ತಿದ್ದೂ ಬರೆದ್ಯಾ?" ಎಂದ.

"ಹೂಂ."

ಅವನು ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಬೆಳಿಗ್ಗೆಗೆ ಎಲ್ಲ ಮರೆತು, ಅಂಗಿ ಎಲ್ಲಿ ಎಂದು ನಗುತ್ತಾ ಕೇಳಿದ. ಸಂಜೆ ಅವಳು ಮತ್ತೆ ಅವನ ಮುಂದೆ ಕೂತಳು, ಗೊತ್ತಿತ್ತು ಎನ್ನುವುದನ್ನೂ ಸೇರಿಸಿ ಹೇಳಿದಳು. ಈಗ ದಿನಾ ಹಾಗೆಯೇ ಹೇಳುತ್ತಾಳೆ. ಅಣ್ಣ ದಿನಾ ಹೊಸದಾಗಿ ಕೇಳಿಸಿಕೊಳ್ಳುತ್ತಾನೆ. ಹೋಗ್ಲಿ ಬಿಡು ಎಂದು ಒಂದು ದಿನವೂ ಅಂದಿಲ್ಲ.