ಸೈಡಲ್ಲಿ ಬಿಟ್ಟ ಬೂಟು

ಸಿಯಾಟಲ್‌ನ ಒಪೆರಾ ಹೌಸಿನಲ್ಲಿ ಯುದ್ಧಕಾಲದ ಹಳೇ ಮ್ಯೂಸಿಕಲ್ ಕಾಮಿಡಿ ಒಂದನ್ನ ಆಡಿಸ್ತಿದ್ದರು. ಹನ್ನೆರಡು ಜನ ಸೈನಿಕರಲ್ಲಿ ನಾನೂ ಒಬ್ಬ. ಮಾತಿಲ್ಲ, ಹಾಡಿಲ್ಲ, ಬರೀ ಬೂಟು ಕುಟ್ಟಿಕೊಂಡು ನಡೆಯೋದು. ಅಷ್ಟಕ್ಕೇ ಆಫೀಸಿಗೆ ರಜೆ ಹಾಕಿ, ಕೂತಲ್ಲಿ ಕೂರಲಾಗದೆ, ಬೆಳಗ್ಗೆಯಿಂದ ಬೂಟಿನ ಲೇಸು ಬಿಚ್ಚೋದು ಕಟ್ಟೋದು ಮಾಡ್ತಿದ್ದೆ. ಅಲ್ಲೀತನಕ ಪ್ರಾಕ್ಟೀಸೆಲ್ಲ ಬೇರೆ ಹಾಲ್‌ನಲ್ಲಿ. ನಿಜವಾದ ಸ್ಟೇಜ್ ಮೇಲೆ ಪ್ರಾಕ್ಟೀಸ್ ಆವತ್ತೇ ಮೊದಲು.

ಸಂಗೀತ ಶುರುವಾಯ್ತು, ನಡೆದೆವು. ನಾಲ್ಕು ಹೆಜ್ಜೆಗೇ ಸ್ಟೇಜ್ ಮ್ಯಾನೇಜರಮ್ಮ ಎಲ್ಲರನ್ನೂ ನಿಲ್ಲಿಸಿ ನನ್ನ ಕಾಲು ನೋಡಿದರು. ನಾನೂ ನೋಡಿಕೊಂಡೆ. ಬರೀ ಕಾಲುಚೀಲ.

“ಬೂಟೆಲ್ಲಿ?”

“ಸೈಡಲ್ಲಿ ಬಿಟ್ಟಿದೀನಿ.”

“ಕಚ್ತಿತ್ತಾ?”

“ಇಲ್ಲ. ಇದು ಸ್ಟೇಜ್ ಅಲ್ವಾ, ಅದಕ್ಕೆ.”

ಮೈಸೂರಿನ ನಮ್ಮ ನಾಟಕದ ತಂಡದಲ್ಲಿ ರಾಜನ ಪಾತ್ರದವನೂ ಬರಿಗಾಲಲ್ಲೇ ರಂಗ ಹತ್ತಬೇಕಿತ್ತು. ಹತ್ತು ವರ್ಷದ ಆ ಅಭ್ಯಾಸ ನನ್ನನ್ನ ಒಂದು ಮಾತೂ ಕೇಳದೆ ಲೇಸು ಬಿಚ್ಚಿತ್ತು. ತಡವರಿಸಿಕೊಂಡು ಇದನ್ನೆಲ್ಲ ಹೇಳಿದೆ. ಪಾತ್ರ ಹೋಯ್ತು ಅಂದುಕೊಂಡೆ. ಆಕೆ, “ನಿಮಗಿದು ದೇವಸ್ಥಾನ ಇರಬಹುದು. ನನಗೆ ಇಪ್ಪತ್ತನಾಲ್ಕು ಬೂಟಿನ ಸದ್ದು ಬೇಕು” ಅಂದರು.

ಆಮೇಲೆ ಪ್ರತಿ ಶೋಗೂ ಸೈಡಲ್ಲಿ ನಿಂತು, ನನ್ನ ಪಾದ ಪರೀಕ್ಷೆ ಮಾಡಿಯೇ ಒಳಗೆ ಬಿಡೋರು. ನಾನೂ ಬಿಚ್ಚಬೇಡ, ಬಿಚ್ಚಬೇಡ ಅಂತ ನನಗೇ ಹೇಳಿಕೊಂಡು ಹೇಳಿಕೊಂಡು ಅಂತೂ ಕಲಿತೆ. ಕೊನೇ ಶೋ ಮುಗಿಸಿ ಕ್ರಾಸ್‌ರೋಡ್ಸ್ ಬಡಾವಣೆಯ ನಮ್ಮ ಮನೆಗೆ ಬಂದವನು, ಎಲ್ಲ ಚೆನ್ನಾಗಾಯ್ತಲ್ಲ ಅಂತ ಸೀದಾ ದೇವರ ಮುಂದೆ ಹೋಗಿ ಕೈ ಮುಗಿದೆ. ಹಿಂದಿನಿಂದ ಹೆಂಡತಿ ಕಿರುಚಿದಳು:

“ರೀ, ಶೂ!”