ಮುರುಗಲ ಲೋಟ

ಜೀಪಿನಿಂದಿಳಿದು ಚೀಲ ಬಿಚ್ಚಿದರೆ ದ್ರಾಕ್ಷಾರಸದ ಬಾಟಲಿ ಒಡೆದಿತ್ತು. ರೊಟ್ಟಿಯ ಡಬ್ಬಿಯೊಂದೇ ಸರಿಯಾಗಿತ್ತು. ಬಸರೀಕಟ್ಟೆ ಆಚೆಯ ಆ ಗಿರಿಜನ ಕಾಲೋನಿಯಲ್ಲಿ ನಮ್ಮ ಸಭೆಯವರದು ನಾಲ್ಕೈದೇ ಮನೆ. ಮಳೆಗಾಲವಿಡೀ ಪಾಸ್ಟರಾದ ನಾನು ಬಾರದೆ, ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕಾಗಿ ಕಾದು ಕೂತಿದ್ದರು.

"ಇವತ್ತು ಬರೀ ಪ್ರಾರ್ಥನೆ ಮಾಡೋಣ. ಭೋಜನ ಮುಂದಿನ ತಿಂಗಳು," ಎಂದೆ.

ಹಿರಿಯರಾದ ಚಿನ್ನಮ್ಮ ಸೀದಾ ಒಳಗೆ ಹೋಗಿ, ಕಾಡಿನ ಮುರುಗಲ ಹಣ್ಣಿನ ಒಣ ಸಿಪ್ಪೆ ನೆನೆಸಿದ ಕೆಂಪು ನೀರನ್ನು ಲೋಟದಲ್ಲಿ ತಂದಿಟ್ಟರು.

"ಇದು ದ್ರಾಕ್ಷಿ ಅಲ್ಲವಲ್ಲಮ್ಮ. ನಿಯಮ ಅಂತ ಒಂದಿದೆ."

"ಇರಲಿ ಅಯ್ಯನೋರೆ. ಕರ್ತ ನಮ್ಮನೆಗೆ ಊಟಕ್ಕೆ ಬಂದಿದ್ರೂ ನಾವು ಇದನ್ನೇ ಕೊಡ್ತಿದ್ವಿ. ಅವನು ಬೇಡ ಅಂತಿದ್ನಾ ಮಾರಾಯ್ರೆ?"

ಬೈಬಲಿನ ವಚನ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಎಲ್ಲರೂ ಮೊಣಕಾಲೂರಿ ಕಣ್ಣು ಮುಚ್ಚಿಯಾಗಿತ್ತು. ನಾನು ಲೋಟ ಎತ್ತಿ ಆಶೀರ್ವದಿಸಿದೆ.

ಎಲ್ಲರೂ ಶಾಂತವಾಗಿ ಗುಟುಕರಿಸಿದರು. ಕೊನೆಗೆ ನಾನು ಕುಡಿದೆ. ಹುಳಿಗೆ ಕಣ್ಣಲ್ಲಿ ನೀರು ಬಂತು.

"ನಮ್ಮ ಅಯ್ಯನೋರಿಗೆ ಭಕ್ತಿ ಜಾಸ್ತಿ," ಎಂದರು ಚಿನ್ನಮ್ಮ, ಎಲ್ಲರಿಗೂ ಕೇಳುವ ಹಾಗೆ.

ಈಗ ಅಲ್ಲಿಗೆ ಹೋಗುವಾಗ ಬಾಟಲಿ ಒಯ್ಯುವುದಿಲ್ಲ. ಬೈಬಲ್ ಜೊತೆ ಒಂದಚ್ಚು ಬೆಲ್ಲ ಇಟ್ಟುಕೊಳ್ಳುತ್ತೇನೆ.