ಮಗ್ಗದ ಕುಣಿಗೆ ಮಣ್ಣು

ಅತ್ತಿಯ ಪಾದಗಳು ಮುಖಕ್ಕಿಂತ ಬೆಳ್ಳಗಿದ್ದವು. ಎಳೆ ವಯಸ್ಸಿನಿಂದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತದ್ದರಿಂದ ಅವು ಬಿಸಿಲನ್ನೇ ಕಂಡಿರಲಿಲ್ಲ. ಬೆರಳ ಸಂದುಗಳಲ್ಲಿ ಸದಾ ಹಸಿಮಣ್ಣು.

ನಾರಾಯಣಪೇಟೆಯಲ್ಲಿ ನಮ್ಮ ಗೋಡೆಯಾಚೆ, ಒಂದೇ ಕೋಣೆಯಲ್ಲಿ ಅವರು ಬಾಡಿಗೆಗಿದ್ದರು. ಸಂಬಂಧವೇನೂ ಇರಲಿಲ್ಲ, ಆದರೂ ನನಗೆ ಅತ್ತಿ. ಬೇಸಿಗೆಯಲ್ಲೂ ಫ್ಯಾನು ಹಾಕದೆ, ಕಿಟಕಿಗೆ ಗೋಣಿ ಕಟ್ಟಿ, ಕುಣಿಗೆ ನೀರು ಚಿಮುಕಿಸಿ ಸೀರೆ ನೇಯುತ್ತಿದ್ದರು. “ನೂಲು ಹೊಸಾ ಸೊಸಿ ಇದ್ದಂಗವ್ವಾ. ಒಣಾ ಗಾಳಿ ಬಡದ್ರ ಸಾಕು, ಹರಕೊಂಡು ಹೋಗತೈತಿ.”

ತೆಲಂಗಾಣ ಬೇರೆ ರಾಜ್ಯ ಆಗಿ ಕೆಲವು ವರ್ಷಗಳಾಗಿದ್ದವು. ಎಂ.ಎ. ಮುಗಿಸಿ ಬಂದ ನನಗೆ ಒಂದು ಯೋಜನೆಯಲ್ಲಿ ಸಮೀಕ್ಷೆಯ ಕೆಲಸ ಸಿಕ್ಕಿತು. ಏರುತ್ತಿರುವ ಸೆಕೆಯಿಂದ ಬಡವರನ್ನು ಕಾಪಾಡಲು ಅವರ ಮಾಳಿಗೆಗಳಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಪುಕ್ಕಟೆ ಬಳಿಯುವ ಯೋಜನೆ. ‘ಬಿಸಿಲು ಎಲ್ಲರಿಗೂ ಒಂದೇ, ಮಾಳಿಗೆ ಒಂದೇ ಅಲ್ಲ’ ಎಂದು ತರಬೇತಿಯಲ್ಲಿ ಹೇಳಿದ್ದನ್ನು ಡೈರಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದೆ. ಮೊದಲ ಫಾರ್ಮು ಅತ್ತಿಯ ಕೋಣೆಯದೇ. ಅದರಲ್ಲಿ ಮಾಲೀಕನ ಹೆಸರಿಗೆ ಜಾಗವಿತ್ತು; ಒಳಗೆ ಯಾರಿದ್ದಾರೆ ಎಂದು ಕೇಳುವ ಸಾಲಿರಲಿಲ್ಲ. ನನಗೂ ಹೊಳೆಯಲಿಲ್ಲ. ಮಾಲೀಕ ಸಹಿ ಹಾಕಿದ. ಪಕ್ಕದ ಅವನ ದೊಡ್ಡ ಮನೆ ಯೋಜನೆಗೆ ಬರುತ್ತಿರಲಿಲ್ಲ.

ಬಣ್ಣ ಬಿದ್ದ ವಾರದಲ್ಲೇ ಕೋಣೆ ತಂಪಾಯಿತು. “ಮಾವಿನ ತೋಪಿನ್ಯಾಗ ಕುಂತಂಗ ಆಗೈತಿ. ನೀ ಓದಿದ್ದು ದಂಡ ಆಗಲಿಲ್ಲ ಬಿಡು” ಎಂದರು ಅತ್ತಿ.

ಕೆಲಸದ ಮೇಲೆ ಮಕ್ತಲ್, ಗದ್ವಾಲ ಸುತ್ತಿ ಒಂದು ತಿಂಗಳ ಮೇಲೆ ಬಂದೆ. ಯೋಜನೆಯ ವರದಿಗೆ ಅತ್ತಿಯ ಫೋಟೊ ತೆಗೆಯಬೇಕಿತ್ತು. ಬಾಗಿಲು ತೆರೆದಿತ್ತು. ಮಗ್ಗವಿರಲಿಲ್ಲ. ಕುಣಿ ಇದ್ದಲ್ಲಿ ಹೊಸ ಮಣ್ಣು, ತುಳಿದು ಸಪಾಟು ಮಾಡಿದ್ದು. ಅದರ ಮೇಲೆ ಮಂಚ. ಮಂಚದ ಮೇಲೆ ಮಾಲೀಕನ ತಾಯಿ ಫ್ಯಾನಿನ ಕೆಳಗೆ ನಿದ್ದೆ ಹೋಗಿದ್ದರು.

“ನಮ್ಮನಿ ಕೆಂಡ ಆಗೈತ್ರಿ, ಅವ್ವಗ ತಡಿಯಾಕ ಆಗವಲ್ದು” ಎಂದ ಮಾಲೀಕ. “ಭಾಳ ಪುಣ್ಯದ ಕೆಲಸ ಮಾಡಿದ್ರಿ ನೀವು.”

ಅತ್ತಿ ಎಲ್ಲಿಗೆ ಹೋದರೆಂದು ಓಣಿಯಲ್ಲಿ ಕೇಳಿಕೊಂಡು ಹೊರಟೆ.

ಉಟ್ಕೂರ್ ರಸ್ತೆಯ ಬದಿ, ಒಂದು ತಗಡಿನ ಶೆಡ್ಡಿನಲ್ಲಿ ಅತ್ತಿ ಹಾರೆ ಹಿಡಿದು ಹೊಸ ಕುಣಿ ತೋಡುತ್ತಿದ್ದರು. ನಡುನಡುವೆ ಕಾಲಿಳಿಸಿ ಆಳ ನೋಡುತ್ತಿದ್ದರು.

“ಆ ಕುಣಿ ಯಾರು ಮುಚ್ಚಿದ್ರು, ಅತ್ತಿ?”

“ನಾನ. ಕಣ್ಣು ಕಾಣದ ಮುದುಕಿ, ಎಡವಿಗಿಡವಿ ಬಿದ್ದೀತಂತ.”

ನಾನು ಕ್ಷಮೆ ಕೇಳಿದೆನೆಂದು ಡೈರಿಯಲ್ಲಿದೆ. ಬಹುಶಃ ಬರೆಯುವಾಗ ಕೇಳಿರಬೇಕು. ನೆನಪಿನಲ್ಲಿ ನಾನು ಫಾರ್ಮು ಹಿಡಿದು ಸುಮ್ಮನೆ ನಿಂತಿದ್ದೇನೆ. ಅವರು ಬೆವರೊರೆಸಿಕೊಂಡು ಹೇಳಿದ್ದು ಎರಡರಲ್ಲೂ ಇದೆ: “ಮುಂದಿನ ಮನ್ಯಾಗರ ಒಳಗ ಹೋಗಿ ಕೇಳವ್ವಾ, ಇಲ್ಲಿ ಕುಂದ್ರಾವ್ರು ಯಾರಂತ.”

ಆಮೇಲೆ ಪ್ರತಿ ಫಾರ್ಮಿನಲ್ಲೂ ಆ ಪ್ರಶ್ನೆಯನ್ನು ಕೈಯಿಂದಲೇ ಬರೆದೆ. ಬಾಡಿಗೆದಾರರನ್ನು ಮನೆ ಬಿಡಿಸಬಾರದೆಂಬ ಷರತ್ತನ್ನೂ ಸೇರಿಸಿದೆ. ಮೇಲಿನವರು ಹೊಡೆದುಹಾಕಿದರು. ಮತ್ತೆ ಬರೆದೆ. ಕೊನೆಗೆ ಎರಡೂ ಅಚ್ಚಾದವು.

ಅಷ್ಟರಲ್ಲಿ ಅತ್ತಿ ಇರಲಿಲ್ಲ. ಮರುಬೇಸಿಗೆಯ ಒಂದು ಮಧ್ಯಾಹ್ನ ಆ ತಗಡಿನ ಕೆಳಗೆ ಮಗ್ಗದ ಮೇಲೆಯೇ ಒರಗಿದ್ದರು. ಎತ್ತುವಾಗ ಕಾಲು ಹಿಡಿದವಳು ನಾನು. ಮೈ ಕೆಂಡದಂತೆ ಸುಡುತ್ತಿತ್ತು. ಕುಣಿಯಲ್ಲಿದ್ದ ಪಾದಗಳು ಮಾತ್ರ ತಣ್ಣಗಿದ್ದವು. ಇದು ಡೈರಿಯಲ್ಲಿಲ್ಲ. ಆದರೂ ಇದೊಂದನ್ನು ನಂಬುತ್ತೇನೆ.